ನಮ್ಮಲ್ಲಿ ದೊಡ್ಡವರು ಯಾರು?

ಓದಿ ಧ್ಯಾನಿಸಲು: ಯಕೋಬ 2:1-9, ಮಾರ್ಕ 10:35-45

ಭಾನುವಾರದ ಪೂಜೆ ಮುಗಿದ ಮೇಲೆ ನಮ್ಮ ದೇವಾಲಯದ ಅಂಗಳದಲ್ಲಿ ಆಗಾಗ ಹೂವಿನ ಹಾರ ಹಾಕಿದ ಹೊಸ ಕಾರೊಂದು ನಿಂತಿರುತ್ತದೆ. ಮನೆಯವರೆಲ್ಲ ಸುತ್ತ ಸೇರುತ್ತಾರೆ, ಗುರುಗಳು ಪ್ರಾರ್ಥಿಸಿ ತೀರ್ಥ ಚಿಮುಕಿಸುತ್ತಾರೆ. ಆ ಪ್ರಾರ್ಥನೆಯನ್ನು ನಾವು ಗಮನವಿಟ್ಟು ಕೇಳಿದ್ದೇವೆಯೇ? ಇದರಲ್ಲಿ ಪ್ರಯಾಣ ಮಾಡುವವರು ಕ್ಷೇಮವಾಗಿ ಊರು ಸೇರಲಿ ಎಂದು ಧರ್ಮಸಭೆ ದೇವರನ್ನು ಬೇಡುತ್ತದೆ. ಇದರ ಒಡೆಯನಿಗೆ ನಾಲ್ಕು ಜನರ ನಡುವೆ ಗೌರವ ಹೆಚ್ಚಲಿ ಎಂದು ಬೇಡುವುದಿಲ್ಲ. ಆದರೆ ನಾವು ಮನಸ್ಸಿನೊಳಗೆ ಎಷ್ಟೋ ಸಲ ಅದನ್ನೇ ಬೇಡುತ್ತೇವೆ.

ಕಾರು ಇಟ್ಟುಕೊಳ್ಳುವುದು ಪಾಪವಲ್ಲ. ವಯಸ್ಸಾದ ತಂದೆತಾಯಿಯನ್ನು ಆಸ್ಪತ್ರೆಗೆ ಕರೆದೊಯ್ಯಲು ಅದು ಬೇಕು. ಆದರೆ ಚಿಕ್ಕ ಕಾರು ಸಾಕಾಗುವ ಮನೆ, ನೆಂಟರ ಕಣ್ಣಿಗಾಗಿ ದೊಡ್ಡ ಕಾರು ತಂದು, ಕಂತು ಕಟ್ಟಲಾಗದೆ ಮಕ್ಕಳ ಓದಿನ ಹಣಕ್ಕೆ ಕೈಹಾಕಿದರೆ, ಆಗ ನಾವು ಕಾರಿನ ಒಡೆಯರಲ್ಲ, ಅದರ ಆಳುಗಳು.

ಯಕೋಬರ ಪತ್ರದಲ್ಲಿ ಬರುವ ದೃಶ್ಯವನ್ನು ನೋಡೋಣ. ಸಭೆಗೆ ಚಿನ್ನದ ಉಂಗುರ ತೊಟ್ಟವನು ಬರುತ್ತಾನೆ. ಕೊಳೆಬಟ್ಟೆಯ ಬಡವನೂ ಬರುತ್ತಾನೆ. ಒಬ್ಬನಿಗೆ ಒಳ್ಳೆಯ ಆಸನ ಸಿಗುತ್ತದೆ, ಇನ್ನೊಬ್ಬನಿಗೆ ನಿಲ್ಲುವ ಜಾಗ, ಇಲ್ಲವೆ ಕಾಲಬಳಿಯ ನೆಲ. ಇದು ಹೊರಗಿನ ಲೋಕದ ಕಥೆಯಲ್ಲ, ಕ್ರೈಸ್ತರ ಸಭೆಯಲ್ಲೇ ನಡೆಯಬಹುದಾದ ತಪ್ಪೆಂದು ಅವರು ಎಚ್ಚರಿಸುತ್ತಾರೆ. ನಮ್ಮ ಹಬ್ಬದ ಊಟದಲ್ಲಿ ಕಾರಿನಿಂದ ಇಳಿದವರಿಗೆ ಕುರ್ಚಿ ಓಡಿ ಬರುತ್ತದೆ. ಬಸ್ಸಿಳಿದು ನಡೆದು ಬಂದ ಅಜ್ಜಿಗೆ?

ಹೊಸೂರು ಸೀಮೆಯ ಕನ್ನಡ ಕಥೋಲಿಕರಾದ ನಾವು ಈ ಧರ್ಮಕ್ಷೇತ್ರದಲ್ಲಿ ಕೆಲವೇ ಮಂದಿ. ತಮಿಳು, ತೆಲುಗು ಮಾತಾಡುವ ಅಣ್ಣತಮ್ಮಂದಿರ ಜೊತೆ ಬದುಕುತ್ತಿದ್ದೇವೆ. ಹಬ್ಬದ ದಿನ ಕನ್ನಡದಲ್ಲಿ ಒಂದು ವಾಚನ, ಒಂದು ಹಾಡು ಇದ್ದರೆ ಎದೆ ತುಂಬುತ್ತದೆ. ಇಲ್ಲದಿದ್ದರೆ ನಮ್ಮನ್ನು ಯಾರೂ ಲೆಕ್ಕಕ್ಕೆ ಇಡಲಿಲ್ಲವೆಂದು ನೋವಾಗುತ್ತದೆ. ಈ ನೋವು ಏನೆಂದು ಬಲ್ಲ ನಾವೇ ನಮ್ಮೊಳಗಿನ ಬಡವರನ್ನು ಲೆಕ್ಕಕ್ಕೆ ಇಡದಿದ್ದರೆ ಹೇಗೆ?

ದೊಡ್ಡ ಕಾರುಗಳು ಪೋಪರ ಬಳಿಗೂ ಬಂದಿವೆ. 1964ರ ಡಿಸೆಂಬರಿನಲ್ಲಿ ಪರಮಪ್ರಸಾದ ಮಹಾಸಮ್ಮೇಳನಕ್ಕೆಂದು ಬೊಂಬಾಯಿಗೆ ಬಂದಿದ್ದ ಸಂತ ಆರನೇ ಪೌಲರು, ತಾವು ಬಳಸಿದ ಬಿಳಿಯ ಲಿಂಕನ್ ಕಾರನ್ನು ಮದರ್ ತೆರೇಸಾ ಅವರಿಗೆ ಕೊಟ್ಟರು. ಮದರ್ ಅದರಲ್ಲಿ ಓಡಾಡಲಿಲ್ಲ. ಲಾಟರಿಯಲ್ಲಿ ಅದನ್ನೇ ಬಹುಮಾನವಾಗಿಟ್ಟು ಬಂದ ಹಣವನ್ನು ಕುಷ್ಠರೋಗಿಗಳ ಶಾಂತಿನಗರಕ್ಕೆ ಬಳಸಿದರು. 2017ರ ನವೆಂಬರಿನಲ್ಲಿ ಲ್ಯಾಂಬೊರ್ಗಿನಿ ಕಂಪನಿ ಪೋಪ್ ಫ್ರಾನ್ಸಿಸ್ ಅವರಿಗೆ ಕಾರೊಂದನ್ನು ಕಾಣಿಕೆ ಕೊಟ್ಟಿತು. ಅವರು ಅದನ್ನು ಆಶೀರ್ವದಿಸಿ, ಸಹಿ ಹಾಕಿ ಹರಾಜಿಗೆ ಬಿಟ್ಟರು. ಇರಾಕಿನ ನಿನೆವೆ ಬಯಲಿನಲ್ಲಿ ಮನೆ ಕಳೆದುಕೊಂಡ ಕ್ರೈಸ್ತರಿಗೆ, ಮಾರಾಟಕ್ಕೆ ಬಲಿಯಾದ ಹೆಣ್ಣುಮಕ್ಕಳಿಗೆ ನೆರವಾಗಲೆಂಬುದು ಅವರ ಉದ್ದೇಶ. ಆ ಕಾರುಗಳಿಂದ ಇವರ ದೊಡ್ಡತನ ಹೆಚ್ಚಲಿಲ್ಲ. ಇವರ ಕೈ ಸೇರಿದ್ದರಿಂದ ಆ ಕಾರುಗಳಿಗೆ ಒಂದು ಅರ್ಥ ಬಂತು.

ಯಕೋಬ, ಯೊವಾನ್ನರು ಯೇಸುಸ್ವಾಮಿಯ ಬಲಕ್ಕೂ ಎಡಕ್ಕೂ ಆಸನ ಕೇಳಿದರು. ದೊಡ್ಡವನಾಗಬೇಕೆನ್ನುವವನು ಸೇವಕನಾಗಲಿ ಎಂದು ಸ್ವಾಮಿ ದಾರಿ ತೋರಿದರು. ಸ್ವಲ್ಪ ದಿನಗಳಲ್ಲೇ ಅವರು ಜೆರುಸಲೇಮನ್ನು ಪ್ರವೇಶಿಸಿದ್ದು ಕತ್ತೆಯ ಮೇಲೆ. ಅದೂ ಬೇರೆಯವರಿಂದ ಕೇಳಿ ತಂದದ್ದು.

ನಮ್ಮ ಹೊಸೂರಿನ ಕಾರ್ಖಾನೆಗಳಲ್ಲಿ ಲಾರಿ, ಬೈಕುಗಳು ತಯಾರಾಗುತ್ತವೆ. ಅಲ್ಲಿ ದುಡಿದು ರಾತ್ರಿ ಪಾಳಿ ಮುಗಿಸಿ ಬಸ್ಸಿನಲ್ಲಿ ಮನೆಗೆ ಬರುವವನೂ, ಸ್ವಂತ ಕಾರಿನಲ್ಲಿ ಬರುವವನೂ ಪಡೆದದ್ದು ಒಂದೇ ಸ್ನಾನದೀಕ್ಷೆ, ಸ್ವೀಕರಿಸುವುದು ಒಂದೇ ಪರಮಪ್ರಸಾದ. ಊರಿನಲ್ಲಿ ಸಾವಾದ ರಾತ್ರಿ ಕರೆಯದೆ ಬಂದವರು ಯಾರು, ಚಟ್ಟಕ್ಕೆ ಹೆಗಲು ಕೊಟ್ಟವರು ಯಾರು ಎಂಬುದು ಆ ಮನೆಯವರಿಗೆ ಜೀವವಿರುವತನಕ ನೆನಪಿರುತ್ತದೆ. ಅವರು ಯಾವ ವಾಹನದಲ್ಲಿ ಬಂದರೆಂಬುದು ನೆನಪಿರುವುದಿಲ್ಲ.

ಆತ್ಮಶೋಧನೆಗೆ:

1. ಪೂಜೆಗೆ ಬರುವಾಗ ನಮ್ಮ ಕಾರಿನ ಹಿಂದಿನ ಸೀಟು ಖಾಲಿ ಇರುತ್ತದೆಯೇ? ಅದೇ ದಾರಿಯಲ್ಲಿ ನಡೆದು ಬರುವ ವೃದ್ಧರು ಯಾರು?

2. ಮುಂದಿನ ಹಬ್ಬದ ಊಟದಲ್ಲಿ ಮೊದಲ ಕುರ್ಚಿಯನ್ನು ನಾವು ಯಾರಿಗೆ ಕೊಡುತ್ತೇವೆ?

3. ನಮ್ಮ ಮನೆಯಲ್ಲಿ ಜನರ ಕಣ್ಣಿಗಾಗಿಯೇ ಮಾಡಿದ ಸಾಲ ಯಾವುದಾದರೂ ಇದೆಯೇ?

ಈ ಭಾನುವಾರ ಮನೆಮಂದಿಯೆಲ್ಲ ಕೂತು ಈ ಮೂರನ್ನೂ ಮಾತಾಡೋಣ. ಸೇವಕನಾಗಿ ಬಂದ ಪ್ರಭು ನಮ್ಮ ಕಣ್ಣು ತೆರೆಸಲಿ.