ಕೆ.ಎನ್. ಗುರುಸ್ವಾಮಿ: ಬಳ್ಳಾರಿಯಿಂದ ಹೊರಟ ಪತ್ರಿಕೋದ್ಯಮಿ

ಬಳ್ಳಾರಿ ಬಳಿಯ ಮೋಕದ ಚಹಾ ಅಂಗಡಿಯಲ್ಲಿ ಪ್ರಜಾವಾಣಿ ಸಿಕ್ಕರೆ, ಮುದ್ರಕರ ವಿವರವಿರುವ ಸಣ್ಣಕ್ಷರದ ಸಾಲನ್ನೂ ಓದಿ: ಸಂಸ್ಥೆಯ ಹೆಸರು ದಿ ಪ್ರಿಂಟರ್ಸ್ (ಮೈಸೂರು). ರಾಜ್ಯ 1973ರಲ್ಲಿ ಕರ್ನಾಟಕವಾದರೂ ಅಲ್ಲಿ ‘ಮೈಸೂರು’ ಹಾಗೆಯೇ ಉಳಿದಿದೆ.

ಸ್ಥಾಪಕ ಕೆ.ಎನ್. ಗುರುಸ್ವಾಮಿ ಬಳ್ಳಾರಿಯವರು, ಮದ್ಯದ ವ್ಯಾಪಾರದಲ್ಲಿ ಹಣ ಮಾಡಿದವರು. ಬೆಂಗಳೂರಿನ ಇಂದಿನ ಎಂ.ಜಿ. ರಸ್ತೆಯಲ್ಲಿ ಬಾರ್ ಇದ್ದ ಕಟ್ಟಡವನ್ನೇ ಪತ್ರಿಕಾ ಕಚೇರಿ ಮಾಡಿಕೊಂಡರು. 1948ರ ಜೂನ್ 17ರಂದು ಇಂಗ್ಲಿಷಿನ ಡೆಕ್ಕನ್ ಹೆರಾಲ್ಡ್, ಅದೇ ವರ್ಷ ಅಕ್ಟೋಬರ್ 15ರಂದು ಪ್ರಜಾವಾಣಿ. ಸ್ಪರ್ಧಾತ್ಮಕ ಪರೀಕ್ಷೆಯಲ್ಲಿ ಅಭ್ಯರ್ಥಿಗಳು ಎಡವುವುದು ಇಲ್ಲೇ; ಕನ್ನಡ ಪತ್ರಿಕೆ ಮೊದಲು ಬಂದದ್ದಲ್ಲ.

ಮೊದಲ ಸಂಪಾದಕರು: ಹೆರಾಲ್ಡ್‌ಗೆ ಪೋತನ್ ಜೋಸೆಫ್, ಪ್ರಜಾವಾಣಿಗೆ ನಾಟಕಕಾರ, ಕಾದಂಬರಿಕಾರ ಬಿ. ಪುಟ್ಟಸ್ವಾಮಯ್ಯ. ಮಾಲೀಕರು ಬಂಡವಾಳ ಹಾಕಿ, ಲೇಖನಿಯನ್ನು ಪಳಗಿದ ಕೈಗಳಿಗೆ ಕೊಟ್ಟದ್ದು ಜಾಣತನವೇ ಸರಿ. ಮುಂದೆ ಸುಧಾ (1965), ಮಯೂರ (1968) ನಿಯತಕಾಲಿಕಗಳು ಸೇರಿಕೊಂಡವು.

ಪರೀಕ್ಷಾ ಗೈಡುಗಳು ಬಿಟ್ಟುಬಿಡುವ ಸಂಗತಿ ಒಂದಿದೆ. 1948ರಲ್ಲಿ ಬಳ್ಳಾರಿ ಇನ್ನೂ ಮದ್ರಾಸ್ ಪ್ರಾಂತ್ಯದಲ್ಲಿತ್ತು. ಮೈಸೂರಿಗೆ ಸೇರಿದ್ದು 1953ರ ಅಕ್ಟೋಬರ್ 1ರಂದು. ಅಂದರೆ ಮೈಸೂರಿನವರ ಕೈಗೆ ಪತ್ರಿಕೆ ಕೊಟ್ಟವರ ಊರು ಆಗ ಮೈಸೂರು ಸಂಸ್ಥಾನದ ಹೊರಗಿತ್ತು.