ಪೆಟ್ಟು ಕಲಿಸುವ ಪಾಠ

"ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ?" ಎಂಬುದು ನಮ್ಮ ಹಿರಿಯರ ಮಾತು. ಆದರೆ ಗಿಡವನ್ನು ಬಗ್ಗಿಸಲು ಬೆತ್ತವೇ ಬೇಕೆಂದು ಆ ಮಾತು ಹೇಳುವುದಿಲ್ಲ. ಆದರೂ ಮೂರು ವರ್ಷದ ಮಗುವು ಹಾಲು ಚೆಲ್ಲಿದರೆ ಅನೇಕ ಮನೆಗಳಲ್ಲಿ ಬೆನ್ನಿಗೆ ಪೆಟ್ಟು ಬೀಳುವುದುಂಟು. ಆ ಪೆಟ್ಟಿನಿಂದ ಮಗುವು ಕಲಿಯುವುದೇನು? ಪೆಟ್ಟಿಲ್ಲದೆ ಕಲಿಸುವ ಬಗೆಯನ್ನು ತಂದೆತಾಯಿಗಳಿಗೆ ತಿಳಿಸಬಲ್ಲವರು ಯಾರು? ಇವೆರಡನ್ನೂ ಇಲ್ಲಿ ವಿಚಾರಿಸೋಣ.

ಪ್ರಯೋಗದ ಸಾಕ್ಷ್ಯ

ಅಮೆರಿಕದ ಮನೋವಿಜ್ಞಾನಿ ಬಿ. ಎಫ್. ಸ್ಕಿನ್ನರ್ 1938ರಲ್ಲಿ ಒಂದು ಪ್ರಯೋಗವನ್ನು ಪ್ರಕಟಿಸಿದನು. ಸನ್ನೆಯನ್ನು ಒತ್ತಿದರೆ ಆಹಾರ ದೊರೆಯುವುದೆಂದು ಇಲಿಗಳಿಗೆ ಅಭ್ಯಾಸ ಮಾಡಿಸಿ, ಬಳಿಕ ಆಹಾರವನ್ನು ನಿಲ್ಲಿಸಲಾಯಿತು. ಒಂದು ಗುಂಪಿಗೆ ಮಾತ್ರ, ಸನ್ನೆಯನ್ನು ಒತ್ತಿದಾಗಲೆಲ್ಲ ಮುಂಗಾಲಿಗೆ ಪೆಟ್ಟು ಬೀಳುವಂತೆ ಕೆಲವು ನಿಮಿಷಗಳ ಕಾಲ ಏರ್ಪಡಿಸಿದ್ದರು. ಆ ಇಲಿಗಳು ಕೂಡಲೇ ಹಿಂಜರಿದವು. ಆದರೆ ಪೆಟ್ಟು ನಿಂತ ಮೇಲೆ ಮತ್ತೆ ಒತ್ತತೊಡಗಿ, ಎರಡನೆಯ ದಿನದ ಕೊನೆಗೆ ಪೆಟ್ಟು ತಿನ್ನದ ಇಲಿಗಳ ಲೆಕ್ಕವನ್ನು ಹೆಚ್ಚುಕಡಿಮೆ ಸಮಗಟ್ಟಿದವು. ಅದುಮಿದ ಸ್ಪ್ರಿಂಗು ಕೈ ತೆಗೆದೊಡನೆ ಮೊದಲಿನ ಉದ್ದಕ್ಕೆ ಮರಳುವುದಷ್ಟೆ!

ಮಗುವು ಇಲಿಯಲ್ಲವೆಂದು ವಾಚಕರು ಆಕ್ಷೇಪಿಸಬಹುದು. ಗರ್ಶಾಫ್ ಮತ್ತು ಗ್ರೋಗನ್-ಕೇಲರ್ ಎಂಬ ಸಂಶೋಧಕರು 75 ಅಧ್ಯಯನಗಳನ್ನು, ಅಂದರೆ 1,60,927 ಮಕ್ಕಳ ಮಾಹಿತಿಯನ್ನು, ಒಟ್ಟುಗೂಡಿಸಿ 2016ರಲ್ಲಿ ಫಲಿತಾಂಶ ಪ್ರಕಟಿಸಿದರು. ಪರೀಕ್ಷಿಸಿದ 17 ಪರಿಣಾಮಗಳಲ್ಲಿ 13ಕ್ಕೆ ಹೊಡೆತದೊಡನೆ ಸ್ಪಷ್ಟ ಸಂಬಂಧ ಕಂಡಿತು. ಆ ಹದಿಮೂರೂ ಕೆಡುಕಿನ ಕಡೆಗೇ ಇದ್ದವು. ಸಂಬಂಧವಿದ್ದ ಮಾತ್ರಕ್ಕೆ ಕಾರಣ ಸಿದ್ಧವಾಗದು ಎಂಬುದು ದಿಟ; ಹಟಮಾರಿ ಮಗುವಿಗೇ ಹೆಚ್ಚು ಪೆಟ್ಟು ಬೀಳಬಹುದಲ್ಲವೇ? ಆದರೆ ಒಂದೇ ಮಗುವನ್ನು ವರ್ಷಗಟ್ಟಲೆ ಗಮನಿಸಿ, ಮೊದಲಿನ ಹಟವನ್ನೂ ಲೆಕ್ಕಕ್ಕೆ ಹಿಡಿದ ಅನೇಕ ಅಧ್ಯಯನಗಳಲ್ಲಿಯೂ ಪೆಟ್ಟಿನ ತರುವಾಯ ಹಟವು ಬೆಳೆದುದೇ ಕಂಡುಬಂದಿದೆ.

ಅಂಗನವಾಡಿಯೇ ಏಕೆ?

2009ರ ಶಿಕ್ಷಣ ಹಕ್ಕು ಕಾಯಿದೆಯ 17ನೆಯ ಕಲಮು ಶಾಲೆಯಲ್ಲಿ ಹೊಡೆಯುವುದನ್ನು ನಿಷೇಧಿಸಿದೆ. ಮನೆಯ ಜಗಲಿಗೆ ಆ ಕಲಮು ತಲುಪದು. ಶಿರಸಿ, ಸಿದ್ದಾಪುರ, ಯಲ್ಲಾಪುರ ತಾಲ್ಲೂಕುಗಳಲ್ಲಿ ಮನೆಗಳು ಅಡಿಕೆ ತೋಟಗಳ ನಡುವೆಯೂ ಕಾಡಿನ ಅಂಚಿನಲ್ಲಿಯೂ ಚದರಿಕೊಂಡಿವೆ. ಮನೋವೈದ್ಯರು ಇಂತಹ ಮನೆಗಳಿಗೆ ದೂರ. ಅಂಗನವಾಡಿ ಕಾರ್ಯಕರ್ತೆಯಾದರೋ ಹತ್ತಿರದವಳು. 1975ರಲ್ಲಿ ಆರಂಭವಾದ ಸಮಗ್ರ ಶಿಶು ಅಭಿವೃದ್ಧಿ ಯೋಜನೆಯು ಅವಳನ್ನು ಊರಿನ ಮಗುವಿನ ಬಳಿಗೂ ತಾಯಿಯ ಬಳಿಗೂ ತಂದು ನಿಲ್ಲಿಸಿದೆ. ಮಗುವನ್ನು ಬಿಡಲು ಬಂದ ತಾಯಿಯೊಡನೆ ಅವಳು ಆಡುವ ಎರಡು ಮಾತು ದೊಡ್ಡ ಭಾಷಣಕ್ಕಿಂತ ಹೆಚ್ಚು ನಾಟುವುದು.

ಇದು ಬರಿಯ ಊಹೆಯಲ್ಲ. ಜಮೈಕಾ ದ್ವೀಪದ ಕಿಂಗ್‌ಸ್ಟನ್ ನಗರದಲ್ಲಿ ಶಿಶುವಿಹಾರದ ಶಿಕ್ಷಕಿಯರಿಗೆ ತರಬೇತಿಯಿತ್ತು, ಅವರಿಂದಲೇ ತಂದೆತಾಯಿಗಳ ಸಣ್ಣ ಗುಂಪುಗಳಿಗೆ ಪಾಠ ಮಾಡಿಸಿದರು. ಯಾವ ಶಿಶುವಿಹಾರಗಳಲ್ಲಿ ಮೊದಲು ಪಾಠವಾಗಬೇಕೆಂಬುದನ್ನು ಚೀಟಿ ಎತ್ತಿದಂತೆ ನಿರ್ಧರಿಸಲಾಗಿತ್ತು. ಪಾಠ ಕೇಳಿದ ತಂದೆತಾಯಿಗಳು, ಅವರೇ ಕೊಟ್ಟ ಲೆಕ್ಕದಂತೆ, ಉಳಿದವರಿಗಿಂತ ಕಡಿಮೆ ಹೊಡೆದರು, ಕಡಿಮೆ ಬೈದರು.

ತರಬೇತಿಯ ತಿರುಳು

ಮೊದಲನೆಯದು, ವಯಸ್ಸಿನ ಅರಿವು. ಮನಸ್ಸನ್ನು ತಡೆಹಿಡಿಯುವ ಮಿದುಳಿನ ಮುಂಭಾಗವು ಪೂರ್ಣ ಬಲಿಯುವುದು ಇಪ್ಪತ್ತರ ಹರೆಯ ಕಳೆಯುವ ವೇಳೆಗೆ. ಮೂರರ ಮಗುವಿನ ಚಡಪಡಿಕೆ ಉದ್ಧಟತನವಲ್ಲ.

ಎರಡನೆಯದು, ಬದಲಿ ಉಪಾಯ. ಅಡಿಕೆ ಸುಲಿಯುವ ಕಾಲದಲ್ಲಿ ಮಗುವು ಮೆಟ್ಟುಗತ್ತಿಯ ಬಳಿಗೆ ಬಂದರೆ ಕೈಗೆ ಹೊಡೆಯುವುದು ಸುಲಭ. ಆದರೆ ಮಗುವನ್ನು ಎತ್ತಿ ದೂರ ಕೂರಿಸಿ, "ಈ ಬುಟ್ಟಿಗೆ ಸಿಪ್ಪೆ ತುಂಬು" ಎಂದು ಕೆಲಸ ಕೊಟ್ಟು, ತುಂಬಿದಾಗ ಮೆಚ್ಚಿದರೆ, ಮಾಡಬಾರದ್ದರ ಜೊತೆಗೆ ಮಾಡಬೇಕಾದುದೂ ತಿಳಿಯುವುದು.

ಮೂರನೆಯದು, ಅಭ್ಯಾಸ. ಈಜನ್ನು ಪುಸ್ತಕದಿಂದ ಕಲಿಯಲಾಗದು. ಕಾರ್ಯಕರ್ತೆಯರು ತಾಯಿ, ಮಗು, ಅಜ್ಜಿಯರ ಪಾತ್ರ ವಹಿಸಿ ಇಂತಹ ಸಂದರ್ಭಗಳನ್ನು ಆಡಿ ನೋಡಬೇಕು. ಅಂಗನವಾಡಿಯಲ್ಲಿ ತಾವೂ ಕೈಯೆತ್ತಬಾರದು. ದಣಿದು ಬಂದ ತಾಯಿಯನ್ನು ದೂಷಿಸದೆ ಮಾತಾಡುವುದೂ ಕಲಿಯಬೇಕಾದ ವಿದ್ಯೆಯೇ.

ಕೊನೆಯದು, ಎಚ್ಚರ. ಮಗುವಿನ ಮೈಮೇಲೆ ಬಾಸುಂಡೆ, ಸುಟ್ಟ ಗಾಯಗಳು ಕಂಡರೆ ಅದು ಬುದ್ಧಿವಾದದ ಮಾತಲ್ಲ, ರಕ್ಷಣೆಯ ಮಾತು. 1098 ಎಂಬ ಮಕ್ಕಳ ಸಹಾಯವಾಣಿಗೆ ಯಾರು ಬೇಕಾದರೂ ಕರೆ ಮಾಡಬಹುದು.

ಮಕ್ಕಳು ನೋಡಿದ್ದನ್ನೇ ಮಾಡುವರು. 1961ರಲ್ಲಿ ಬಂಡೂರ ನಡೆಸಿದ ಪ್ರಯೋಗದಲ್ಲಿ, ಹಿರಿಯರು ಗೊಂಬೆಯನ್ನು ಬಡಿದುದನ್ನು ಕಂಡ ಮಕ್ಕಳು ತಾವೂ ಹಾಗೆಯೇ ಬಡಿದರು. ತಮ್ಮ ತಂಗಿಯರುಳ್ಳ ವಿದ್ಯಾರ್ಥಿಗಳು ಇದನ್ನು ನೆನಪಿನಲ್ಲಿಡಬೇಕು: ಮನೆಯ ಕಿರಿಯರು ನಿಮ್ಮ ಕೈಯನ್ನೂ ನೋಡುತ್ತಿರುವರು.