ಎಲೆಯೆಣಿಸುವವನಿಗೆ ಕಾನೂನಿನ ಆಸರೆ

ದಾಂಡೇಲಿಯಿಂದ ಜೋಯಿಡಾ, ರಾಮನಗರಗಳನ್ನು ಹಾದು ಅನಮೋಡ ಘಟ್ಟವಿಳಿದು ಗೋವೆಯನ್ನು ಸೇರುವ ಮಾರ್ಗವು, ಈ ಕಡೆ ನಿಷಿದ್ಧವಾದುದು ಆ ಕಡೆ ಪರವಾನಿಗೆಯುಳ್ಳ ವ್ಯಾಪಾರವಾಗಿ ಮಾರ್ಪಡುವ ಮಾರ್ಗವೂ ಹೌದು. 1963ರ ಕರ್ನಾಟಕ ಪೊಲೀಸ್ ಅಧಿನಿಯಮದ 79 ಮತ್ತು 80ನೆಯ ಕಲಮುಗಳು ಜೂಜಿನ ಮನೆಯನ್ನು ನಡೆಸುವವನನ್ನೂ ಅಲ್ಲಿ ಕುಳಿತು ಆಡುವವನನ್ನೂ ದಂಡನೀಯರನ್ನಾಗಿಸಿದರೆ, ಗೋವೆಯ 1976ರ ಜೂಜು ಅಧಿನಿಯಮಕ್ಕೆ ಮುಂದೆ ಸೇರಿಸಲಾದ 13ಎ ಕಲಮು ಹಡಗುಗಳಲ್ಲಿ ಮೇಜಿನಾಟಗಳಿಗೆ ಅನುಮತಿ ನೀಡಲು ಅಲ್ಲಿಯ ಸರಕಾರಕ್ಕೆ ಅವಕಾಶ ಕಲ್ಪಿಸಿದೆ. ಹೀಗಾಗಿ ಹಳಿಯಾಳ, ಮುಂಡಗೋಡಗಳ ತರುಣರೂ ಮಾಂಡವಿ ನದಿಯ ಹಡಗುಗಳನ್ನೇರುವುದುಂಟು.

ಅಲ್ಲಿಯ ಬ್ಲ್ಯಾಕ್‌ಜ್ಯಾಕ್ ಎಂಬ ಇಸ್ಪೀಟಿನಾಟದಲ್ಲಿ, ಹೊರಬಿದ್ದ ಎಲೆಗಳನ್ನು ಸ್ಮರಣೆಯಲ್ಲಿಟ್ಟು, ಉಳಿದ ಕಟ್ಟಿನಲ್ಲಿ ಹತ್ತು, ಎಕ್ಕ ಮೊದಲಾದ ದೊಡ್ಡ ಎಲೆಗಳು ಹೆಚ್ಚಾದವೆಂದು ತಿಳಿದಾಗ ಪಣವನ್ನು ಏರಿಸುವ ವಿದ್ಯೆಯೊಂದಿದೆ; ಅಮೆರಿಕದ ಗಣಿತಜ್ಞ ಎಡ್ವರ್ಡ್ ಥಾರ್ಪ್ 1962ರಲ್ಲಿ ಗ್ರಂಥರೂಪದಲ್ಲಿ ಇದನ್ನು ಲೋಕಪ್ರಸಿದ್ಧಗೊಳಿಸಿದನು. ಯಾವ ಉಪಕರಣದ ನೆರವೂ ಇಲ್ಲದೆ ಮನಸ್ಸಿನಲ್ಲಿಯೇ ನಡೆಯುವ ಈ ಗಣನೆಯನ್ನು ಅಪರಾಧವೆಂದು ಹೆಸರಿಸಿದ ವಿಧಿ ನಮ್ಮ ದಂಡಸಂಹಿತೆಯಲ್ಲಿಲ್ಲ. ಎಲೆಗೆ ಗುರುತು ಮಾಡುವುದು, ಡೀಲರನೊಡನೆ ಒಳಸಂಚು ಹೂಡುವುದು ಮೊದಲಾದವು ಬೇರೆಯೇ ಮಾತು. ಅವು ವಂಚನೆಯ ಆರೋಪಕ್ಕೆ ಎಡೆಗೊಡುತ್ತವೆ.

ಆದರೂ ಕ್ಯಾಸಿನೋದವರು ಸುಮ್ಮನಿರುವವರಲ್ಲ. ಆರೆಂಟು ಕಟ್ಟುಗಳನ್ನು ಒಟ್ಟುಗೂಡಿಸುವುದು, ಸಂಶಯ ಬಂದೊಡನೆ ಅಕಾಲದಲ್ಲಿ ಎಲೆ ಕಲೆಸುವುದು, ಪಣಕ್ಕೆ ಮಿತಿ ಹಾಕುವುದು, ಕಡೆಗೆ ‘ತಾವು ಬೇರೆ ಆಟವಾಡಬಹುದು’ ಎಂದು ಸವಿನುಡಿಯಲ್ಲಿಯೇ ಮೇಜಿನಿಂದ ಎಬ್ಬಿಸುವುದು ಲೋಕದೆಲ್ಲೆಡೆಯ ಕ್ಯಾಸಿನೋಗಳ ರೂಢಿ. ಸೋಲುವವನಿಗೆ ಉಪಚಾರ, ಗೆಲ್ಲಬಲ್ಲವನಿಗೆ ಬಾಗಿಲು ಎಂಬ ಈ ವ್ಯಾಪಾರಧರ್ಮ ಅಷ್ಟೇನೂ ಶ್ಲಾಘ್ಯವಲ್ಲ. ಇಂಥ ನಿಪುಣನನ್ನು ಹೊರಗಿಡಲು ಕ್ಯಾಸಿನೋಗೆ ತಾನಾಗಿ ಅಧಿಕಾರವಿಲ್ಲವೆಂದು ಕೆನ್ ಉಸ್ಟನ್ ಎಂಬಾತನ ಮೊಕದ್ದಮೆಯಲ್ಲಿ ನ್ಯೂಜೆರ್ಸಿಯ ಸರ್ವೋಚ್ಚ ನ್ಯಾಯಾಲಯ 1982ರಲ್ಲಿ ತೀರ್ಪಿತ್ತಿತು. ನೆವಾಡದಲ್ಲಾದರೋ ಹೊರಗಟ್ಟುವುದು ಸಮ್ಮತವೇ. ನಮ್ಮಲ್ಲಿ ಆ ಬಗೆಯ ತೀರ್ಪನ್ನು ನಂಬಿ ಮೇಜಿಗಂಟಿ ಕೂರುವುದು ವಿವೇಕವಲ್ಲ. ಹೋಗೆಂದರೆ ಹೋಗಬೇಕು, ಆದರೆ ಚಿಪ್ಸುಗಳನ್ನು ಮೊದಲು ನಗದಾಗಿಸಿಕೊಂಡು, ರಸೀದಿ ಪಡೆದು ಹೋಗಬೇಕು. ಏಕೆಂದರೆ 1872ರ ಕರಾರು ಅಧಿನಿಯಮದ 30ನೆಯ ಕಲಮಿನಂತೆ ಪಣದ ಒಪ್ಪಂದ ಶೂನ್ಯವಾದುದರಿಂದ, ಗೆದ್ದ ಹಣಕ್ಕಾಗಿ ಆಮೇಲೆ ದಾವೆ ಹೂಡುವುದು ಬಹು ದುಸ್ತರ.

ಹೊರಗೆ ಕಳುಹಿಸುವುದು ಒಂದು, ಒಳಗೆ ಕೂಡಿಹಾಕುವುದು ಮತ್ತೊಂದು. ಹಿಂಬದಿಯ ಕೋಣೆಗೆ ಕರೆದೊಯ್ದು, ಬೌನ್ಸರುಗಳನ್ನು ಬಾಗಿಲಿಗೆ ನಿಲ್ಲಿಸಿ ಹೊರಹೋಗಗೊಡದಿದ್ದರೆ, ಅದು ಭಾರತೀಯ ನ್ಯಾಯ ಸಂಹಿತೆಯ 127ನೆಯ ಕಲಮಿನ ಅಕ್ರಮ ಬಂಧನ. ಶಿಕ್ಷೆ ಒಂದು ವರ್ಷದವರೆಗಿನ ಸೆರೆವಾಸ, ಅಥವಾ 5,000 ರೂಪಾಯಿಯವರೆಗಿನ ದಂಡ, ಅಥವಾ ಎರಡೂ. ಖಾಸಗಿ ವ್ಯಕ್ತಿ ಇನ್ನೊಬ್ಬನನ್ನು ಹಿಡಿಯಬಹುದಾದರೆ ಅದು ತನ್ನ ಸಮಕ್ಷಮದಲ್ಲಿ ಜಾಮೀನುರಹಿತ, ಸಂಜ್ಞೇಯ ಅಪರಾಧ ನಡೆದಾಗ, ಇಲ್ಲವೆ ಅವನು ಘೋಷಿತ ಅಪರಾಧಿಯಾಗಿದ್ದಾಗ ಮಾತ್ರ. ಆಗಲೂ ಆರು ಗಂಟೆಗಳೊಳಗೆ ಪೊಲೀಸರ ವಶಕ್ಕೊಪ್ಪಿಸಬೇಕೆಂದು ನಾಗರಿಕ ಸುರಕ್ಷಾ ಸಂಹಿತೆಯ 40ನೆಯ ಕಲಮು ವಿಧಿಸಿದೆ.

ಅಂಥ ಪ್ರಸಂಗದಲ್ಲಿ ತೋಳೇರಿಸದೆ 112ಕ್ಕೆ ಕರೆಮಾಡಿ, ವೇಳೆ ಗುರುತಿಟ್ಟುಕೊಂಡು, ಸಿಸಿಟಿವಿ ದೃಶ್ಯಗಳನ್ನು ಕಾಯ್ದಿಡುವಂತೆ ಆಡಳಿತದವರಿಗೆ ಲಿಖಿತವಾಗಿ ತಿಳಿಸಬೇಕು. ಅಲ್ಲಿ ದೂರು ಕೊಡಲಾಗದೆ ಊರಿಗೆ ಮರಳಿದವನು ನಿರಾಶನಾಗಬೇಕಿಲ್ಲ; ಅದೇ ಸುರಕ್ಷಾ ಸಂಹಿತೆಯ 173ನೆಯ ಕಲಮಿನಂತೆ, ಕೃತ್ಯ ಎಲ್ಲಿಯೇ ನಡೆದಿರಲಿ, ದಾಂಡೇಲಿಯ ಠಾಣೆಯೂ ‘ಝೀರೋ ಎಫ್‌ಐಆರ್’ ದಾಖಲಿಸಿ ಗೋವೆಗೆ ವರ್ಗಾಯಿಸಬೇಕು, ಪ್ರತಿಯನ್ನು ಉಚಿತವಾಗಿ ಕೊಡಬೇಕು. ನಿರಾಕರಿಸಿದರೆ ದೂರನ್ನು ಲಿಖಿತವಾಗಿ ಕಾರವಾರದ ಪೊಲೀಸ್ ಅಧೀಕ್ಷಕರಿಗೂ, ಅಲ್ಲಿಯೂ ಫಲ ಕಾಣದಿದ್ದರೆ ಮ್ಯಾಜಿಸ್ಟ್ರೇಟರಿಗೂ ಸಲ್ಲಿಸಬಹುದು.

ವಕೀಲರ ಶುಲ್ಕಕ್ಕೆ ಅನುಕೂಲವಿಲ್ಲದವರು ತಾಲೂಕಿನ ಕಾನೂನು ಸೇವಾ ಸಮಿತಿಯನ್ನು ಕಾಣಿರಿ, ಇಲ್ಲವೆ 15100ಕ್ಕೆ ಕರೆಮಾಡಿರಿ. ಸ್ತ್ರೀಯರಿಗೂ ಪರಿಶಿಷ್ಟ ಜಾತಿ-ಪಂಗಡಗಳವರಿಗೂ ಅಲ್ಲಿ ಆದಾಯದ ಮಿತಿಯಿಲ್ಲದೆ ನೆರವು ದೊರೆಯುತ್ತದೆ.